ಗಿರಣಿ ಸಂಜೆ ಬಿಟ್ಟು ಮಧ್ಯಾಹ್ನ ನಡೆಸಿದರೆ ನನಗೇನು ಸಿಗುತ್ತದೆ?

ಪ್ರಶ್ನೆ: ವಿಜಯಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ, 10 ಎಚ್‌ಪಿ ಮೋಟರ್. ಮನೆ ಅದರ ಹಿಂದೆಯೇ. ತಿಕೋಟಾ ಕಡೆ ಅಣ್ಣನ ದ್ರಾಕ್ಷಿ ತೋಟ, ಅಲ್ಲೊಂದು ಬೋರ್‌ವೆಲ್. ಸ್ಮಾರ್ಟ್ ಮೀಟರ್ ಬಂದರೆ ಸಂಜೆ ಕರೆಂಟಿಗೆ ಜಾಸ್ತಿ ದರ, ಮಧ್ಯಾಹ್ನ ಕಡಿಮೆ ದರ ಆಗುತ್ತದೆ ಎನ್ನುತ್ತಾರೆ. ‘ಡಿಮ್ಯಾಂಡ್ ರೆಸ್ಪಾನ್ಸ್’ಗೆ ಹೆಸರು ಕೊಟ್ಟರೆ ಅವರೇ ದೂರದಿಂದ ಕರೆಂಟ್ ಬಂದ್ ಮಾಡುತ್ತಾರೆ ಅಂತ ಮಗ ಹೇಳುತ್ತಾನೆ. ಇದು ಲೋಡ್ ಶೆಡ್ಡಿಂಗ್‌ಗೆ ಇಟ್ಟ ಹೊಸ ಹೆಸರಾ? ನಮಗೇನು ಲಾಭ?

ಉತ್ತರ: ಮಗನ ಅನುಮಾನ ತಪ್ಪೇನಲ್ಲ. ಲೋಡ್ ಶೆಡ್ಡಿಂಗ್ ಕಂಡು ಬೆಳೆದ ಊರಿನವರಿಗೆ ಬೇರೆ ಹೇಗೆ ಅನ್ನಿಸಬೇಕು? ಆದರೆ ಎರಡೂ ಒಂದೇ ಅಲ್ಲ. ಲೋಡ್ ಶೆಡ್ಡಿಂಗ್‌ನಲ್ಲಿ ಫೀಡರ್, ಅಂದರೆ ಒಂದು ಭಾಗಕ್ಕೆಲ್ಲ ಕರೆಂಟ್ ತರುವ ಲೈನು, ಪೂರ್ತಿ ಬಂದ್. ಗಿರಣಿಯೂ ಹೋಯಿತು, ದವಾಖಾನೆಯೂ ಹೋಯಿತು, ಓದುವ ಹುಡುಗರ ಲೈಟೂ ಹೋಯಿತು. ನಿಮ್ಮನ್ನು ಯಾರೂ ಕೇಳಲಿಲ್ಲ, ದುಡ್ಡೂ ಕೊಡಲಿಲ್ಲ. ಡಿಮ್ಯಾಂಡ್ ರೆಸ್ಪಾನ್ಸ್ ಅಂದರೆ ಮೊದಲೇ ಕೇಳುವುದು: ‘ಇವತ್ತು ಸಂಜೆ 7ರಿಂದ 9ರವರೆಗೆ ಗಿರಣಿ ನಿಲ್ಲಿಸುತ್ತೀರಾ? ನಿಲ್ಲಿಸಿದರೆ ಇಷ್ಟು ಕೊಡುತ್ತೇವೆ.’ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮನೆಯ ಲೈಟು, ಫ್ಯಾನು ನಡೆಯುತ್ತಲೇ ಇರುತ್ತವೆ. ಕೇಳಿ ಪಡೆಯುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಇರುವಷ್ಟು ವ್ಯತ್ಯಾಸ. ಕೇಳದೆ, ಕೊಡದೆ ಯಾರಾದರೂ ಇದನ್ನು ಮಾಡಿದರೆ ಆಗ ಅದು ಲೋಡ್ ಶೆಡ್ಡಿಂಗೇ, ಹೆಸರು ಏನೇ ಇರಲಿ.

ನೀವು ಒಮ್ಮೆ ಇಂಥದ್ದರಲ್ಲಿ ಸೇರಿದ್ದೀರಿ, ನೆನಪಿದೆಯಾ? 2020ರ ಏಪ್ರಿಲ್ 5, ರಾತ್ರಿ 9 ಗಂಟೆ, 9 ನಿಮಿಷ ಲೈಟ್ ಆರಿಸಿ ದೀಪ ಹಚ್ಚಿದ ದಿನ. ಆವತ್ತು ದೇಶದ ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಇಳಿಯಿತು. ಗ್ರಿಡ್, ಅಂದರೆ ವಿದ್ಯುತ್ ಜಾಲ, ನಡೆಸುವವರು ಅಂದಾಜು ಮಾಡಿದ್ದರ ಎರಡು ಪಟ್ಟಿಗೂ ಜಾಸ್ತಿ ಅದು. ಜಲ ವಿದ್ಯುತ್ ಘಟಕಗಳನ್ನು ಸರಸರ ಇಳಿಸಿ, ಮತ್ತೆ ಏರಿಸಿ ಸಂಭಾಳಿಸಿದರು. ಅದಕ್ಕೆ ಯಾರೂ ಯಾರಿಗೂ ದುಡ್ಡು ಕೊಡಲಿಲ್ಲ, ಉದ್ದೇಶವೂ ಬೇರೆ. ಆದರೆ ಮನೆಮನೆಯ ಸ್ವಿಚ್ಚು ಸೇರಿದರೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಆವತ್ತು ಕಂಡಿತು.

ಇನ್ನು ಸಂಜೆಯ ಮೇಲೇ ಯಾಕೆ ಕಣ್ಣು? ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ. ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕ ಇವೆ, ಒಟ್ಟು 2,400. ಕಲ್ಲಿದ್ದಲಿನ ಬಾಯ್ಲರ್ ಅಂದರೆ ಮನೆಯ ಗ್ಯಾಸ್ ಒಲೆ ಅಲ್ಲ. ಮಧ್ಯಾಹ್ನ ಬಿಸಿಲಿನ ಕರೆಂಟ್ ಬಂತು ಅಂತ ಆರಿಸಿ, ಸಂಜೆ ಹಚ್ಚಲು ಆಗುವುದಿಲ್ಲ. 800ರ ಘಟಕವನ್ನು ತಗ್ಗಿಸಬಹುದು, ಆದರೆ ಒಂದು ಮಟ್ಟಕ್ಕಿಂತ ಕೆಳಗೆ ಒಯ್ದರೆ ಬೆಂಕಿಯೇ ಸ್ಥಿರವಾಗಿ ನಿಲ್ಲುವುದಿಲ್ಲ. ಆಲಮಟ್ಟಿಯ 290 ಮೆಗಾವ್ಯಾಟ್ ಬೇಗ ಏರಿಸಿ ಇಳಿಸಬಹುದು, ಆದರೆ ಅದು ನೀರು ಬಿಟ್ಟಾಗಿನ ಮಾತು. ಬಯಲಿನ ಗಾಳಿ ಗಿರಣಿಗಳು ಮಳೆಗಾಲದಲ್ಲಿ ಭರ್ಜರಿ ತಿರುಗುತ್ತವೆ, ಬೇಸಿಗೆಯ ಸಂಜೆ ನಂಬುವ ಹಾಗಿಲ್ಲ. ಸೋಲಾರ್ ಮಾತ್ರ ಮಧ್ಯಾಹ್ನ 12ಕ್ಕೆ ತುಂಬಿ ಹರಿಯುತ್ತದೆ, ಆರೂವರೆಗೆ ಖಾಲಿ. ಸರಿಯಾಗಿ ಅದೇ ಹೊತ್ತಿಗೆ ಮನೆಯಲ್ಲಿ ಲೈಟು, ಟಿವಿ, ಕೂಲರ್, ಮಿಕ್ಸಿ, ಅಂಗಡಿಯ ಬೋರ್ಡು, ನಿಮ್ಮ ಗಿರಣಿ, ಎಲ್ಲ ಒಟ್ಟಿಗೆ ಶುರು. ಆ ಮೂರು ನಾಲ್ಕು ಗಂಟೆಗೆ ಬೇಕಾಗುವ ಕರೆಂಟೇ ದುಬಾರಿ. ಕರೆಂಟನ್ನು ಕೂಡಿಡುವುದು ಕಷ್ಟ, ಬ್ಯಾಟರಿ ಬೇಕು. ಕೆಲಸವನ್ನು ಕೂಡಿಡುವುದು ಸುಲಭ. ಈ ಇಡೀ ವ್ಯವಹಾರದ ತಿರುಳು ಇಷ್ಟೇ: ನಿಮ್ಮ ಯಾವ ಕೆಲಸ ಕಾಯಬಲ್ಲದು, ಯಾವುದು ಕಾಯಲಾರದು?

ಈಗ ಗಿರಣಿಗೆ ಬರೋಣ. ನಿಮ್ಮ ಗಿರಣಿ, ಮನೆ, ತೋಟ ಮೂರರಲ್ಲಿ ದುಡ್ಡು ಇರುವುದು ಇದರಲ್ಲೇ.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ಅದರ ಪ್ರಕಾರ ದಿನದ ಹೊತ್ತಿಗೆ ತಕ್ಕ ದರ ಬರಬೇಕು. 10 ಕಿಲೋವ್ಯಾಟಿಗಿಂತ ಹೆಚ್ಚು ಬೇಡಿಕೆಯ ವಾಣಿಜ್ಯ ಮತ್ತು ಕೈಗಾರಿಕೆಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರೊಳಗೆ. ಸ್ಮಾರ್ಟ್ ಮೀಟರ್ ಇದ್ದವರಿಗೆ ಮೀಟರ್ ಕೂಡಿಸಿದ ಕೂಡಲೇ. ಬಿಸಿಲಿನ ಎಂಟು ಗಂಟೆ ಮಾಮೂಲಿ ದರಕ್ಕಿಂತ ಕನಿಷ್ಠ 20 ಪರ್ಸೆಂಟ್ ಕಡಿಮೆ ಇರಬೇಕು. ಪೀಕ್ ಹೊತ್ತಿನಲ್ಲಿ, ಅಂದರೆ ಬೇಡಿಕೆ ಅತಿ ಹೆಚ್ಚಿರುವ ಗಂಟೆಗಳಲ್ಲಿ, ವಾಣಿಜ್ಯ, ಕೈಗಾರಿಕೆಗೆ ಕನಿಷ್ಠ 20 ಪರ್ಸೆಂಟ್, ಉಳಿದವರಿಗೆ ಕನಿಷ್ಠ 10 ಪರ್ಸೆಂಟ್ ಜಾಸ್ತಿ. ಇದು ದೆಹಲಿಯ ಚೌಕಟ್ಟು. ನಮ್ಮಲ್ಲಿ ಯಾವ ವರ್ಗಕ್ಕೆ, ಯಾವ ಗಂಟೆಗೆ, ಎಷ್ಟು ಅಂತ ಹೇಳುವುದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಆದ್ದರಿಂದ ನಿಮ್ಮ ಗಿರಣಿಯ ಗಂಟೆಗಳನ್ನು ನಿಮಗೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂನ ಈ ವರ್ಷದ ದರ ಪಟ್ಟಿಯಲ್ಲೇ ನೋಡಬೇಕು, ವಾಟ್ಸಾಪಿನಲ್ಲಿ ಬಂದ ಚಿತ್ರದಲ್ಲಿ ಅಲ್ಲ.

ಲೆಕ್ಕ ತಿಳಿಯಲು ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಳ್ಳೋಣ. 10 ಎಚ್‌ಪಿ ಮೋಟರ್ ತುಂಬು ಹೊರೆಯಲ್ಲಿ ಗಂಟೆಗೆ ಎಂಟು ಯೂನಿಟ್ ಚಿಲ್ಲರೆ ತಿನ್ನುತ್ತದೆ. ಸಂಜೆ ನಡುನಡುವೆ ನಿಂತು ನಡೆದು ದಿನಕ್ಕೆ 20 ಯೂನಿಟ್ ಅನ್ನಿ. ಪೀಕ್‌ನಲ್ಲಿ 20 ಪರ್ಸೆಂಟ್ ಜಾಸ್ತಿ ಆದರೆ 168 ರೂಪಾಯಿ. ಅದೇ ಜೋಳ ಮಧ್ಯಾಹ್ನ ಬೀಸಿದರೆ 112. ದಿನಕ್ಕೆ 56 ಉಳಿತು. ತಿಂಗಳಿಗೆ 25 ದಿನ ಹಿಡಿದರೆ 1,400 ರೂಪಾಯಿ. ನಿಮ್ಮ ಬಿಲ್ಲಿನ ದರ ಹಾಕಿ ಇದನ್ನೇ ಮತ್ತೆ ಮಾಡಿ. ಒಂದು ಮಾತು ಮರೆಯಬೇಡಿ, ಈ ಏರಿಳಿತ ಯೂನಿಟ್ ದರಕ್ಕೆ ಮಾತ್ರ. ಎಚ್‌ಪಿ ಮೇಲೆ ಹಾಕುವ ನಿಗದಿತ ಶುಲ್ಕ ಗಿರಣಿ ಯಾವಾಗ ನಡೆದರೂ ಅಷ್ಟೇ.

‘ಮಂದಿ ಬರುವುದೇ ಸಂಜೆ, ನಾನೇನು ಮಾಡಲಿ’ ಅನ್ನುತ್ತೀರಿ. ಗೊತ್ತು. ಕೆಲಸ ಮುಗಿಸಿ ಬರುವವರು ಡಬ್ಬಿ ಹಿಡಿದು ಬರುತ್ತಾರೆ, ನಿಂತು ಬೀಸಿಸಿಕೊಂಡು ಹೋಗುತ್ತಾರೆ. ತಮ್ಮ ಜೋಳದಲ್ಲಿ ಇನ್ನೊಬ್ಬರ ಸಜ್ಜೆ ಬೆರೆತೀತು ಅನ್ನುವ ಭಯ ಬೇರೆ. ನಾನು ನೋಡಿದ ಒಂದು ಗಿರಣಿಯಲ್ಲಿ ಇದಕ್ಕೆ ಒಂದು ಉಪಾಯ ಮಾಡಿದ್ದರು. ಗೋಡೆಗೆ ಹಲಗೆ ಹೊಡೆದು ಸಾಲಾಗಿ ಡಬ್ಬಿ ಇಡುವ ಜಾಗ. ಪ್ರತಿ ಡಬ್ಬಿಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಅದರ ಮೇಲೆ ಹೆಸರು, ‘ಸಣ್ಣ’ ಅಥವಾ ‘ಉರುಟು’. ಸಂಜೆ ಇಟ್ಟು ಹೋದವರಿಗೆ ಮರುದಿನ ಹಿಟ್ಟು, ಕಿಲೋಗೆ ಒಂದು ರೂಪಾಯಿ ಕಡಿಮೆ. ನಿಂತೇ ಬೀಸಿಸಿಕೊಳ್ಳುವವರಿಗೆ ಮಾಮೂಲಿ ರೇಟು. ಎಲ್ಲರೂ ಒಪ್ಪಲಿಲ್ಲ. ಅರ್ಧ ಮಂದಿ ಒಪ್ಪಿದರೂ ಸಾಕಲ್ವಾ? ಆ ಗಿರಣಿಯವರ ಮಾವ ಮೀಟರಿನ ಗಾಜಿನ ಮೇಲಿನ ಹಿಟ್ಟು ಒರೆಸುತ್ತ ನನಗೆ ಹೇಳಿದ ಮಾತು ಬೇರೆ: ‘ಬಿಲ್ ಇರಲಿ ಸಾಹೇಬ್ರ, ಮಧ್ಯಾಹ್ನ ಬೀಸಿದ್ರ ಬೆಲ್ಟ್ ಒದರೂದಿಲ್ಲ.’

ಅದು ನಿಜ, ಕಾರಣವೂ ಇದೆ. ಸಂಜೆ ಓಣಿಯ ಎಲ್ಲ ಹೊರೆ ಬಿದ್ದು ವೋಲ್ಟೇಜ್ ಇಳಿಯುತ್ತದೆ. 415 ಇರಬೇಕಾದದ್ದು 350ಕ್ಕೆ ಬಂದರೆ, ಅದೇ ಜೋಳ ಬೀಸಲು ಮೋಟರ್ ಸುಮಾರು ಐದನೇ ಒಂದು ಭಾಗ ಜಾಸ್ತಿ ಆಂಪ್ಸ್ ಎಳೆಯುತ್ತದೆ. ವೈಂಡಿಂಗ್ ಬಿಸಿಯಾಗುತ್ತದೆ, ಅದರ ಆಯುಷ್ಯ ಕಡಿಮೆಯಾಗುತ್ತದೆ. ರಿವೈಂಡಿಂಗಿಗೆ ಎಷ್ಟು ಖರ್ಚು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಲಾಭ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇನ್ನು ಮಗನ ಮುಖ್ಯ ಪ್ರಶ್ನೆ: ದೂರದಿಂದ ಬಂದ್ ಮಾಡುತ್ತಾರಾ? ಸ್ಮಾರ್ಟ್ ಮೀಟರಿನೊಳಗೆ ಒಂದು ರಿಲೇ, ಅಂದರೆ ಸಂಕೇತ ಬಂದರೆ ತೆರೆದು ಮುಚ್ಚುವ ಸ್ವಿಚ್ಚು, ಇರುತ್ತದೆ. ಹೌದು, ಕಚೇರಿಯಲ್ಲಿ ಕೂತು ಅದನ್ನು ತೆರೆಯಬಹುದು. ಆದರೆ ಅದಕ್ಕೆ ಗೊತ್ತಿರುವುದು ಎರಡೇ, ಪೂರ್ತಿ ಚಾಲೂ ಅಥವಾ ಪೂರ್ತಿ ಬಂದ್. ಫ್ರಿಜ್ ಯಾವುದು, ಗಿರಣಿ ಯಾವುದು, ಮಿಕ್ಸಿ ಯಾವುದು ಅಂತ ಮೀಟರಿಗೆ ಗೊತ್ತಾಗುವುದಿಲ್ಲ. ಅದು 15 ಅಥವಾ 30 ನಿಮಿಷಕ್ಕೊಮ್ಮೆ ಎಷ್ಟು ಯೂನಿಟ್ ಹೋಯಿತು ಅಂತ ಬರೆದುಕೊಳ್ಳುತ್ತದೆ, ಮೊಬೈಲ್ ನೆಟ್‌ವರ್ಕ್ ಅಥವಾ ರೇಡಿಯೋ ಮೂಲಕ ಕಳಿಸುತ್ತದೆ. ಒಂದೇ ಒಂದು ಎಸಿ ಅಥವಾ ಗೀಸರ್ ಮಾತ್ರ ದೂರದಿಂದ ನಿಲ್ಲಿಸಬೇಕು ಅಂದರೆ ಆ ಯಂತ್ರಕ್ಕೇ ಬೇರೆ ಸ್ವಿಚ್ಚೋ ಸ್ಮಾರ್ಟ್ ಪ್ಲಗ್ಗೋ ಹಾಕಬೇಕು. ಅದನ್ನು ನಿಮ್ಮ ಮನೆಯೊಳಗೆ ಬಂದು, ನಿಮ್ಮನ್ನು ಕೇಳಿಯೇ ಹಾಕಬೇಕು. ಗುಟ್ಟಾಗಿ ಆಗುವ ಕೆಲಸವಲ್ಲ.

ಹೆದರಬೇಕಾದದ್ದು ಇನ್ನೊಂದು ಕಡೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಳೇ ಮೀಟರ್ ಹಿಡಿಯದೆ ಬಿಟ್ಟ ಗರಿಷ್ಠ ಬೇಡಿಕೆಯನ್ನು, ಅಂದರೆ ಒಮ್ಮೆಲೇ ಎಳೆದ ಅತಿ ಹೆಚ್ಚಿನ ಹೊರೆಯನ್ನು, ಸ್ಮಾರ್ಟ್ ಮೀಟರ್ ಸರಿಯಾಗಿ ಹಿಡಿಯುತ್ತದೆ. 10 ಎಚ್‌ಪಿ ಗಿರಣಿ ಜೊತೆಗೆ ಖಾರ ಕುಟ್ಟುವ ಯಂತ್ರ, ಶ್ಯಾವಿಗೆ ಯಂತ್ರ ಅದೇ ಲೈನಿಗೆ ಕೊಟ್ಟಿದ್ದರೆ, ಮೂರೂ ಒಮ್ಮೆಲೇ ಓಡಿದ ದಿನ ಮಂಜೂರಾದ ಲೋಡ್ ದಾಟುತ್ತದೆ. ಇದಕ್ಕೂ ಅದೇ 2023ರ ತಿದ್ದುಪಡಿಯಲ್ಲಿ ರಕ್ಷಣೆ ಇದೆ. ಸ್ಮಾರ್ಟ್ ಮೀಟರ್ ತೋರಿಸಿದ ಬೇಡಿಕೆ ನೋಡಿ ಹಿಂದಿನ ದಿನಗಳಿಗೆ ದಂಡ ಹಾಕುವಂತಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ದಾಟಿದರೆ ಮಾತ್ರ ಮಂಜೂರಾದ ಲೋಡ್ ಏರಿಸಬಹುದು. ಮೀಟರ್ ಜೋರಾಗಿ ಓಡುತ್ತಿದೆ ಅನ್ನಿಸಿದರೆ ದೂರು ಕೊಡಿ. 2024ರ ತಿದ್ದುಪಡಿ ಪ್ರಕಾರ ಐದು ದಿನದೊಳಗೆ ಇನ್ನೊಂದು ಮೀಟರ್ ಪಕ್ಕದಲ್ಲಿ ಹಾಕಿ, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ದೂರು ಬಾಯಿಮಾತಲ್ಲಿ ಬೇಡ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಮನೆಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ನೀವು ಗೃಹಜ್ಯೋತಿಯಲ್ಲಿ ಇದ್ದು ಬಿಲ್ ಸೊನ್ನೆ ಬರುತ್ತಿದ್ದರೆ, ಸಂಜೆಯ ಯೂನಿಟ್ಟೂ ಸೊನ್ನೆ, ಮಧ್ಯಾಹ್ನದ್ದೂ ಸೊನ್ನೆ. ದರದ ಆಸೆ ತೋರಿಸಿ ಬದಲಾಯಿಸಲು ಅಲ್ಲಿ ದರವೇ ಇಲ್ಲ. ಒಟ್ಟು ಯೂನಿಟ್ ಮಿತಿ ದಾಟದಂತೆ ನೋಡಿಕೊಳ್ಳಿ, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಎಸಿ ಇದ್ದರೆ 24ಕ್ಕೆ ಇಡಿ. 2020ರಿಂದ ಹೊಸ ಎಸಿಗಳು ಚಾಲೂ ಮಾಡಿದಾಗ ಅಲ್ಲಿಗೇ ನಿಲ್ಲುವಂತೆ ಬರುತ್ತಿವೆ. ಟಾಕಿಗೆ ನೀರು ಏರಿಸುವುದನ್ನು ಮಧ್ಯಾಹ್ನಕ್ಕೆ ಇಡಿ ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ. ಬರೆದವರು ನಲ್ಲಿ ನೀರಿಗೆ ಕಾದವರಲ್ಲ! ನಲ್ಲಿ ಬಂದಾಗ ಮೋಟರ್ ಹಚ್ಚಲೇಬೇಕು. ಸಂಪು ಇದ್ದರೆ ಮಾತ್ರ ಸಂಪಿನಿಂದ ಮೇಲಕ್ಕೆ ಏರಿಸುವುದನ್ನು ಮುಂದಕ್ಕೆ ಹಾಕಬಹುದು. ಗೀಸರಿಗೆ ಟೈಮರ್ ಹಾಕುವುದು ಒಳ್ಳೆಯದೇ. ನಾನೂ ಹಾಕಿದ್ದೆ. ಬೆಳಿಗ್ಗೆ 5ರ ಬದಲು ಸಂಜೆ 5 ಒತ್ತಿ, ಡಿಸೆಂಬರಿನಲ್ಲಿ ನಾಲ್ಕು ದಿನ ತಣ್ಣೀರು ಸ್ನಾನ ಮಾಡಿದೆ. ಟೈಮರ್ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳ ಬೇರೆ.

ಅಣ್ಣನ ತೋಟದ ಮಾತು ಬೇರೆ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟ್ ಉಚಿತ. ಹೊತ್ತಿಗೆ ತಕ್ಕ ದರದ ನಿಯಮವೂ ಕೃಷಿಯನ್ನು ಬಿಟ್ಟಿದೆ. ಹಾಗಾದರೆ ಅವರಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು. ಉಲ್ಟಾ. ಈ ಭಾಗದಲ್ಲಿ ಗ್ರಿಡ್ಡಿಗೆ ಅತಿ ಹೆಚ್ಚು ಹೊಂದಿಕೊಂಡವರೇ ಪಂಪ್‌ಸೆಟ್ ರೈತರು. ತ್ರೀ ಫೇಸ್ ದಿನಕ್ಕೆ ಏಳು ಗಂಟೆ, ಅದೂ ಪಾಳಿಯಲ್ಲಿ. ಪಾಳಿ ರಾತ್ರಿ ಬಂದರೆ ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಹೊಲಕ್ಕೆ ಹೋದವರು ಅವರೇ. ಗ್ರಿಡ್ಡಿನ ಹೊರೆಯನ್ನು ಪೀಕ್‌ನಿಂದ ಎತ್ತಿ ನಡುರಾತ್ರಿಗೆ ಇಟ್ಟವರು ಅವರು. ‘ಉಚಿತ ಕರೆಂಟ್’ ಅಂತ ಆಡಿಕೊಳ್ಳುವವರು ಆ ನಿದ್ದೆಗೂ ಒಂದು ಬೆಲೆ ಹಾಕಲಿ. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ. ಸೋಲಾರ್ ಹೆಚ್ಚಾದ ಮೇಲೆ ಈ ಹೊರೆ ಹಗಲಿಗೆ ಬರಲು ದಾರಿ ಸಿಕ್ಕಿದೆ. ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರಿಗೆ ಹತ್ತಿರದಲ್ಲೇ ಸೋಲಾರ್ ಘಟಕ ಕೂಡಿಸುವ ಉದ್ದೇಶವೂ ಅದೇ, ರೈತನಿಗೆ ಹಗಲು ಕರೆಂಟ್.

ಆದರೆ ಹಗಲು ಬಂದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಯಾಕೆ ಸುಡುತ್ತದೆ ಗೊತ್ತಾ? ಒಂದು ಟಿಸಿ ಮೇಲೆ ಹತ್ತು ಪಂಪು ಅನ್ನಿ. ಹತ್ತಕ್ಕೂ ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣ ಹತ್ತೂ ಒಮ್ಮೆಲೇ ಏಳುತ್ತವೆ. ಮೋಟರ್ ನೇರವಾಗಿ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ಎಲ್ಲ ಸೇರಿ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಕುಸಿದರೆ ಮೋಟರ್ ವೇಗಕ್ಕೆ ಬರುವುದು ತಡ, ತಡವಾದಷ್ಟೂ ಜಾಸ್ತಿ ಎಳೆತ. ಫ್ಯೂಸ್ ಹಾರಿದರೆ ಪುಣ್ಯ. ಹಾರದಂತೆ ದಪ್ಪ ತಂತಿ ಹಾಕಿದ್ದರೆ ಟಿಸಿ ಎಣ್ಣೆ ಕಾಯುತ್ತದೆ. ಆಮೇಲೆ ಟ್ರ್ಯಾಕ್ಟರ್ ತಂದು, ಟಿಸಿ ಇಳಿಸಿ, ಪಟ್ಟಿ ಕೂಡಿಸಿ, ವಾರ ಕಾಯುವುದು. ದ್ರಾಕ್ಷಿ ಕಾಯಿ ದಪ್ಪಗಾಗುವ ಹೊತ್ತಿನಲ್ಲಿ ಆ ಒಂದು ವಾರ ಏನು ಮಾಡುತ್ತದೆ ಅಂತ ಅಣ್ಣನನ್ನೇ ಕೇಳಿ.

ಇದಕ್ಕೆ ದೊಡ್ಡ ಸ್ಮಾರ್ಟ್ ಗ್ರಿಡ್ ಏನೂ ಬೇಡ. ಸ್ಟಾರ್ಟರಿನೊಳಗೆ ಆನ್ ಡಿಲೇ ಟೈಮರ್ ಕೂಡಿಸಬಹುದು. ಒಬ್ಬರದು ಒಂದು ನಿಮಿಷ, ಮುಂದಿನವರದು ಎರಡು, ಹೀಗೆ. ಹತ್ತು ಪಂಪು ಹತ್ತು ನಿಮಿಷದಲ್ಲಿ ಒಂದೊಂದಾಗಿ ಏಳುತ್ತವೆ. ಯಾರಿಗೂ ಹತ್ತು ನಿಮಿಷಕ್ಕಿಂತ ಜಾಸ್ತಿ ನಷ್ಟವಿಲ್ಲ. ಆದರೆ ಹತ್ತೂ ಮಂದಿ ಒಪ್ಪಬೇಕು, ಕಷ್ಟ ಇರುವುದು ಅಲ್ಲಿ. ‘ಅವನದು ಮೊದಲು ಯಾಕೆ’ ಅನ್ನುವ ಪ್ರಶ್ನೆಗೆ ನನ್ನ ಬಳಿ ಉಪಾಯವಿಲ್ಲ. ತಿಂಗಳಿಗೊಮ್ಮೆ ಸರದಿ ತಿರುಗಿಸಿ ಅಂತ ಮಾತ್ರ ಹೇಳಬಲ್ಲೆ. ಇನ್ನು ಅಣ್ಣನಿಗೆ ಕೃಷಿ ಹೊಂಡ ಇದ್ದರೆ ಅದೇ ಅವರ ಬ್ಯಾಟರಿ. ಕರೆಂಟ್ ಇದ್ದಾಗ ಹೊಂಡಕ್ಕೆ, ಬೇಕಾದಾಗ ಡ್ರಿಪ್ಪಿಗೆ. ನಿಮ್ಮ ಗಿರಣಿಯ ಹಲಗೆಯ ಮೇಲಿನ ಹಿಟ್ಟಿನ ಡಬ್ಬಿಯೂ ಅದೇ ಲೆಕ್ಕ ನೋಡಿ.

ಕೊನೆಗೆ, ಹೆಸರು ಕೊಡುವ ವಿಷಯ. ಹೊತ್ತಿಗೆ ತಕ್ಕ ದರ ಬೇರೆ, ಹೆಸರು ಕೊಟ್ಟು ಸೇರುವ ಡಿಮ್ಯಾಂಡ್ ರೆಸ್ಪಾನ್ಸ್ ಬೇರೆ. ಎರಡನೆಯದನ್ನು ದೆಹಲಿ, ಮುಂಬೈಗಳಲ್ಲಿ ವಿದ್ಯುತ್ ಕಂಪನಿಗಳು ನಡೆಸಿ ನೋಡಿವೆ. ಬ್ರಿಟನ್ನಿನಲ್ಲಿ 2022–23ರ ಚಳಿಗಾಲದಲ್ಲಿ 16 ಲಕ್ಷ ಮನೆ ಮತ್ತು ಅಂಗಡಿಗಳು ಸೇರಿದವು. ಪರೀಕ್ಷೆಗೆ ಕರೆದ ಹೊತ್ತಿನಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 3 ಪೌಂಡ್ ಖಾತ್ರಿ ಬೆಲೆ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರ ಸೆಪ್ಟೆಂಬರ್ 6ರ ಸಂಜೆ, ಬಿಸಿಗಾಳಿಯ ನಡುವೆ ಗ್ರಿಡ್ ಬೀಳುವ ಹಂತಕ್ಕೆ ಬಂದಾಗ ಸರ್ಕಾರ ಕೋಟ್ಯಂತರ ಜನರ ಮೊಬೈಲಿಗೆ ಒಂದು ಸಂದೇಶ ಕಳಿಸಿತು. ಮುಕ್ಕಾಲು ಗಂಟೆಯೊಳಗೆ 2,000 ಮೆಗಾವ್ಯಾಟಿನಷ್ಟು ಇಳಿಯಿತು. ಅಲ್ಲಿ ದುಡ್ಡಿಲ್ಲದೆಯೂ ಜನ ಕೇಳಿದರು. ಒಮ್ಮೆ ಕೇಳುತ್ತಾರೆ. ದಿನಾ ಕಳಿಸಿದರೆ ಯಾರು ಕೇಳುತ್ತಾರೆ?

ನಿಮ್ಮ ಒಂದು ಗಿರಣಿಯ ಎಂಟು ಕಿಲೋವ್ಯಾಟ್ ಗ್ರಿಡ್ಡಿಗೆ ಕಾಣುವುದೂ ಇಲ್ಲ. 125 ಗಿರಣಿ ಸೇರಿದರೆ ಒಂದು ಮೆಗಾವ್ಯಾಟ್. ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಯ ಒಂದು 500 ಕಿಲೋವ್ಯಾಟಿನ ಇಂಡಕ್ಷನ್ ಕುಲುಮೆ ಒಂದೇ ನಿಮ್ಮಂಥ ಅರವತ್ತು ಗಿರಣಿಗೆ ಸಮ. ಹಾಗಾಗಿ ಇಂಥ ಯೋಜನೆ ಎಲ್ಲಿ ಬಂದರೂ ಮೊದಲು ದೊಡ್ಡವರ ಬಾಗಿಲಿಗೆ ಹೋಗುತ್ತದೆ. ಸಣ್ಣವರನ್ನು ಗುಂಪು ಕಟ್ಟಲು ನಡುವೆ ಒಬ್ಬರು ಬೇಕು. ನಮ್ಮ ಕಡೆ ಇದಕ್ಕೆ ನನಗೆ ನೆನಪಾಗುವುದು ಹುಕ್ಕೇರಿ. ಅಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟ್ ಹಂಚುತ್ತಿದೆ, ಬಳಸುವವರೇ ಸದಸ್ಯರು. ಗಿರಣಿಯವರೂ ಹಾಗೆ ಒಟ್ಟಾದರೆ ಮಾತಾಡಲು ಬಲ ಬರುತ್ತದೆ.

ಯಾರಾದರೂ ಕಾಗದ ತಂದು ಸಹಿ ಕೇಳಿದರೆ ಮೊದಲು ಕೇಳಬೇಕಾದದ್ದು ‘ನಾನು ಎಷ್ಟು ಉಳಿಸಿದೆ ಅಂತ ಹೇಗೆ ಅಳೆಯುತ್ತೀರಿ’ ಅಂತ. ಸಾಮಾನ್ಯವಾಗಿ ಹಿಂದಿನ ಕೆಲವು ದಿನಗಳ ಅದೇ ಹೊತ್ತಿನ ಸರಾಸರಿ ತೆಗೆದು, ಅದರಿಂದ ಇವತ್ತಿನದನ್ನು ಕಳೆಯುತ್ತಾರೆ. ಇದರಲ್ಲಿ ಒಂದು ಸಿಕ್ಕು ಇದೆ. ಈಗಾಗಲೇ ನೀವು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಿದ್ದರೆ ನಿಮ್ಮ ಸಂಜೆಯ ಸರಾಸರಿಯೇ ಕಡಿಮೆ, ಉಳಿಸಲು ಏನೂ ಇಲ್ಲ. ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಗಿರಣಿ ಮುಚ್ಚಿರುತ್ತದೆ. ಆ ದಿನ ಸರಾಸರಿಯಲ್ಲಿ ಸೇರಿದರೆ ನಿಮಗೆ ನಷ್ಟ, ಆ ದಿನವೇ ಕರೆ ಬಂದರೆ ನಿಮಗೆ ಪುಕ್ಕಟೆ ಲಾಭ. ಎಷ್ಟು ಗಂಟೆ ಮೊದಲು ತಿಳಿಸುತ್ತೀರಿ, ವರ್ಷಕ್ಕೆ ಎಷ್ಟು ಸಲ, ಆಗದ ದಿನ ಬೇಡ ಅಂದರೆ ದಂಡ ಇದೆಯಾ, ದುಡ್ಡು ಬಿಲ್ಲಿನಲ್ಲಿ ಕಳೆಯುತ್ತೀರಾ ಅಥವಾ ಖಾತೆಗೆ ಹಾಕುತ್ತೀರಾ, ನನ್ನ ಅರ್ಧ ಗಂಟೆಯ ಲೆಕ್ಕ ಬೇರೆ ಯಾರಿಗೆ ಕೊಡುತ್ತೀರಿ, ಇವೂ ಕಾಗದದ ಮೇಲೆ ಇರಲಿ. ದಂಡ ಇದ್ದರೆ ನಾನಂತೂ ಸಹಿ ಹಾಕುವುದಿಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥದ್ದು ಇದ್ದವರು ಆ ಲೈನನ್ನು ಇದಕ್ಕೆ ಸೇರಿಸಲೇಬಾರದು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಗಿರಣಿಯ ಕ್ಯಾಲೆಂಡರಿನ ಮೇಲೆ ಏಳು ದಿನ ಸಂಜೆ 6ಕ್ಕೆ ಒಮ್ಮೆ, ರಾತ್ರಿ 10ಕ್ಕೆ ಒಮ್ಮೆ ಮೀಟರ್ ರೀಡಿಂಗ್ ಬರೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಸಂಜೆಯ ಯೂನಿಟ್. ಅದು ದಿನಕ್ಕೆ ಐದಾರು ಯೂನಿಟ್ ಮಾತ್ರ ಬಂದರೆ ಹಲಗೆ, ಚೀಟಿ ಎಲ್ಲ ಸುಮ್ನೆ ತಲೆನೋವು. ಗಿರಾಕಿ ಬಂದಾಗ ಬೀಸಿ ಕೊಡಿ. ಹದಿನೈದು ದಾಟಿದರೆ ಬಡಗಿಯನ್ನು ಕರೆಸಿ.